ಸ್ಟೋರಿನ ಬೀಗದ ಕೈ ಈಗ ನನ್ನೊಬ್ಬನ ಹತ್ರ ಇಲ್ಲ, ಎಲ್ರಿಗೂ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಹೋದ ವಾರ ನಮ್ಮ ಹಳೇ ಕಾರಿನ ಕ್ಲಬ್ಬಿನ ಸ್ಪೇರ್ಸ್ ಸ್ಟೋರಿಂದ ಒಂದು ಪಾರ್ಸೆಲ್ ಹೋಯ್ತು. ಮುಂದಿನ ಚಕ್ರದ ವೀಲ್ ಸಿಲಿಂಡರ್ (ಚಕ್ರದ ಹತ್ರ ಬ್ರೇಕ್ ಒತ್ತೋ ಪಾರ್ಟು) ಕಿಟ್ ಎರಡು, ಬ್ರೇಕ್ ಹೋಸ್ ಒಂದು, ಅಷ್ಟೇ. ಅದು ಹೋಗಿದ್ದು ನಂಗೆ ಗೊತ್ತಾಗಿದ್ದು ತಗೊಂಡವ್ರು 'ಕಾರು ಓಡ್ತಿದೆ' ಅಂತ ಫೋಟೋ ಹಾಕಿದ ಮೇಲೆ. ಯಾರೂ ನಂಗೆ ಫೋನ್ ಮಾಡಿ 'ಸರ್, ಅದು ಯಾವ ಡಬ್ಬದಲ್ಲಿದೆ' ಅಂತ ಕೇಳಿರ್ಲಿಲ್ಲ. ನಾನು ಸ್ಟೋರ್ ನೋಡ್ಕೊಳ್ಳೋಕೆ ಶುರು ಮಾಡಿ 14 ವರ್ಷ ಆಯ್ತು, ಹೀಗೆ ಆಗಿದ್ದು ಇದೇ ಮೊದ್ಲು. ಆ ಫೋಟೋ ನೋಡಿ ಕಣ್ಣು ತುಂಬಿ ಬಂತು, ಅದಕ್ಕೇ ಇದನ್ನ ಬರೀತಾ ಇದೀನಿ.

ಹೊಸದಾಗಿ ಸೇರಿದವ್ರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಮ್ಮ ಕಾರು ತಯಾರಾಗೋದು ನಿಂತು ದಶಕಗಳೇ ಆದ್ವು, ಕಂಪ್ನಿ ಪಾರ್ಟ್ಸ್ ಮಾಡಲ್ಲ, ಅಂಗಡೀಲಿ ಸಿಗಲ್ಲ. ಅದಕ್ಕೇ ಮುಂಚಿನ ಸದಸ್ಯರು ಕೈಯಿಂದ ದುಡ್ಡು ಹಾಕಿ, ಬಾಗ್ಲು ಹಾಕ್ತಿದ್ದ ಒಬ್ಬ ಡೀಲರ್ ಹತ್ರ ಉಳಿದಿದ್ದ ಮಾಲನ್ನೆಲ್ಲ ಒಟ್ಟಿಗೆ ಎತ್ಕೊಂಡು ಬಂದ್ರು, ಸ್ಟೋರ್ ಶುರುವಾಗಿದ್ದೇ ಹಾಗೆ. ಆಮೇಲೆ ನಾವೇ ಮಾಡ್ಸೋಕೆ ಶುರು ಮಾಡಿದ್ವಿ. ಇಲ್ಲಿ ಯಾರಿಗೂ ಸಂಬಳ ಇಲ್ಲ, ಎಲ್ರೂ ರಜಾ ದಿನ ಬಂದು ಕೆಲ್ಸ ಮಾಡೋರೇ.

ಈ ವರ್ಷ ನಂಗೆ ಬೆನ್ನಿನ ಆಪರೇಷನ್ ಆಯ್ತು. ಮೂರು ತಿಂಗ್ಳು ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ ಅಂದ್ರು. ಅದೇ ತಿಂಗ್ಳು ಸ್ಟೋರಿದ್ದ ಕಟ್ಟಡದವ್ರು ಜಾಗ ಖಾಲಿ ಮಾಡಿ ಅಂದ್ಬಿಟ್ರು. ನಾನು ಹಾಸಿಗೇಲಿ ಮಲ್ಕೊಂಡು ಅಂದ್ಕೊಂಡೆ, ಇನ್ನು ಮುಗೀತು, ಅರ್ಧ ಮಾಲು ಗುಜರಿಗೆ ಹೋಗುತ್ತೆ ಅಂತ. ಯಾಕಂದ್ರೆ ಯಾವುದು ಎಲ್ಲಿದೆ ಅನ್ನೋದು ಪುಸ್ತಕದಲ್ಲಿ ಅರ್ಧ ಇತ್ತು, ಇನ್ನರ್ಧ ನನ್ನ ತಲೇಲಿತ್ತು. ಹಿಂದಿನ ಎಡಗಡೆ ವೀಲ್ ಸಿಲಿಂಡರ್ ಅಂತ ಬರೆದಿರೋ ಡಬ್ಬದಲ್ಲಿ ಇರೋದು ಬಲಗಡೇದು, ಯಾವತ್ತೋ ಅದಲು ಬದಲಾಗಿದ್ದು, ನಂಗೆ ಗೊತ್ತಿತ್ತು ಅಂತ ಲೇಬಲ್ ತಿದ್ದಿರ್ಲಿಲ್ಲ. ಬೇರಿಂಗ್ ಶೆಲ್ ಸ್ಟ್ಯಾಂಡರ್ಡ್ ಯಾವ್ದು, 20 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಅಂಡರ್‌ಸೈಜ್ ಯಾವ್ದು ಅಂತ ಡಬ್ಬದ ಬಣ್ಣ ನೋಡಿ ಹೇಳ್ತಿದ್ದೆ. ಇದು ನನ್ನ ತಪ್ಪು, ದೊಡ್ಡ ತಪ್ಪು. ಬ್ರೇಕಿನ ಪಾರ್ಟಲ್ಲಿ ಇಂಥ ತಪ್ಪು ಇಟ್ಕೊಂಡು ನಾನು ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ ಅನ್ನೋದು ಈಗ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಮೊದಲ್ನೇ ಥ್ಯಾಂಕ್ಸ್ ಹಾಸಿಗೆ ಪಕ್ಕ ಕೂತು ಬರ್ಕೊಂಡ ನಮ್ಮ ಕಾರ್ಯದರ್ಶಿ ಅಕ್ಕನಿಗೆ. ವಾರಕ್ಕೆ ಎರಡು ಸಲ ಬಂದು, ಪ್ರತಿ ರ್ಯಾಕಿನ ಫೋಟೋ ಮೊಬೈಲಲ್ಲಿ ದೊಡ್ದು ಮಾಡಿ ತೋರ್ಸಿ 'ಇದೇನು, ಇದ್ಯಾಕೆ ಇಲ್ಲಿದೆ, ಇದು ಯಾವ ವರ್ಷದ ಕಾರಿಗೆ' ಅಂತ ಒಂದೊಂದೇ ಕೇಳ್ತಿದ್ರು. ನಂಗೆ ನೋವು ಜಾಸ್ತಿ ಆದ ದಿನ ಸುಮ್ನೆ ಕೂತು ಬೇರೆ ಮಾತಾಡಿ ಎದ್ದು ಹೋಗ್ತಿದ್ರು, ಒಂದು ದಿನಾನೂ ಅವಸರ ಮಾಡ್ಲಿಲ್ಲ. ಕಂಪ್ನಿ ಒಂದೇ ಪಾರ್ಟಿಗೆ ಕಾಲಕಾಲಕ್ಕೆ ನಂಬರ್ ಬದಲಾಯಿಸ್ತಾ ಹೋಗಿತ್ತಲ್ಲ, ಹಳೇ ನಂಬರ್ ಯಾವ್ದು, ಅದರ ಬದ್ಲು ಬಂದ ನಂಬರ್ ಯಾವ್ದು, ಎರಡೂ ನಿಜವಾಗ್ಲೂ ಒಂದೇನಾ ಅನ್ನೋದನ್ನೆಲ್ಲ ಎಕ್ಸೆಲ್ ಶೀಟಿಗೆ ಹಾಕಿದ್ದು ಅವ್ರೇ. ಈಗ ಹಳೇ ನಂಬರ್ ಹೊಡೆದ್ರೂ ಹೊಸ ನಂಬರ್ ಹೊಡೆದ್ರೂ ಅದೇ ರ್ಯಾಕು, ಅದೇ ಡಬ್ಬ ಬರುತ್ತೆ.

ಸಾಗಿಸಿದ ಹುಡುಗ್ರಿಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಸಾಗಿಸೋದು ಅಂದ್ರೆ ಎತ್ತಿ ಲಾರಿಗೆ ತುಂಬೋದು ಅಷ್ಟೇ ಅಂತ ಅಂದ್ಕೊಂಡ್ರೆ ಈ ಥರ ಮಾಲು ಹಾಳಾಗ್ಬಿಡುತ್ತೆ. ಇವ್ರು ಒಂದು ರ್ಯಾಕ್ ಬಿಚ್ಚಿದ್ರೆ ಆ ರ್ಯಾಕಿನ ಮಾಲನ್ನ ಅದೇ ಕ್ರಮದಲ್ಲಿ ಅಲ್ಲಿ ಜೋಡಿಸೋವರೆಗೂ ಇನ್ನೊಂದು ರ್ಯಾಕ್ ಮುಟ್ಟಿಲ್ಲ. ಕ್ರ್ಯಾಂಕ್ ಶಾಫ್ಟ್‌ಗಳನ್ನ ಮಲಗಿಸದೆ ನಿಲ್ಲಿಸಿಡೋಕೆ ಮರದ ಸ್ಟ್ಯಾಂಡ್ ಮಾಡಿದ್ರು, ಯಾಕಂದ್ರೆ ಸರಿಯಾದ ಆಸರೆ ಇಲ್ದೆ ವರ್ಷಗಟ್ಟಲೆ ಮಲಗಿದ್ರೆ ಅದು ತನ್ನ ಭಾರಕ್ಕೇ ಬಾಗೋ ಅಪಾಯ ಇದೆ. ಹೆಡ್ ಗ್ಯಾಸ್ಕೆಟ್‌ಗಳನ್ನ ಪ್ಲೈವುಡ್ ಮೇಲೆ ಚಪ್ಪಟೆಯಾಗಿಟ್ರು, ಮುಂಚೆ ನಾನು ಮೊಳೆಗೆ ನೇತುಹಾಕ್ತಿದ್ದೆ. ಫ್ಯಾನ್ ಬೆಲ್ಟ್‌ಗೆ ದಪ್ಪ ಪೈಪ್ ಹಾಕಿದ್ರು, ಮೊಳೆಗೆ ಹಾಕಿದ್ರೆ ಒಂದೇ ಕಡೆ ಮಡಿಕೆ ಬಿದ್ದು ಅಲ್ಲೇ ಬಿರುಕು ಬಿಡುತ್ತೆ ಅಂತ. ಬೇರಿಂಗುಗಳ ಪ್ಯಾಕೆಟ್ಟು ಒಂದೂ ಒಡೀಲಿಲ್ಲ, 'ಒಳಗೆ ಏನಿದೆ ನೋಡೋಣ' ಅನ್ನೋ ಆಸೆ ತಡ್ಕೊಂಡಿದ್ದಕ್ಕೆ ನಿಮ್ಗೆಲ್ಲ ಬೇರೆಯಾಗೇ ಒಂದು ನಮಸ್ಕಾರ, ಯಾಕಂದ್ರೆ ನಂಗೇ ಆ ಆಸೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ.

ಈಗ ರಬ್ಬರ್ ವಿಷಯ. ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇಲ್ಲಿ ನಾನು ಒಬ್ರ ಜೊತೆ ಜಗಳ ಆಡಿದ್ದೆ, ಅವ್ರಿಗೆ ಎಲ್ರ ಮುಂದೆ ಥ್ಯಾಂಕ್ಸ್ ಹೇಳ್ಬೇಕು.

ನಮ್ಮಲ್ಲಿ ಒಬ್ಬ ಸದಸ್ಯೆ ರಬ್ಬರ್ ಫ್ಯಾಕ್ಟರೀಲಿ ಕೆಲ್ಸ ಮಾಡಿದವ್ರು. ಸಾಗಿಸೋ ಟೈಮಲ್ಲಿ ಅವ್ರು ರಬ್ಬರ್ ರ್ಯಾಕ್ ನೋಡಿ ಫೋನ್ ಮಾಡಿದ್ರು, 'ಸರ್, ಇದ್ರಲ್ಲಿ ಬಹಳಷ್ಟು ಎಸೀಬೇಕು' ಅಂತ. ನಂಗೆ ಸಿಟ್ಟು ಬಂತು. ಅದೆಲ್ಲ ಕಂಪ್ನಿ ಒರಿಜಿನಲ್, ಸೀಲ್ ಒಡೆಯದ ಪ್ಯಾಕೆಟ್ಟು, ಆ ಡೀಲರ್ ಹತ್ರದಿಂದ ಬಂದಿದ್ದು, ಅದನ್ನ ಎಸೀರಿ ಅಂದ್ರೆ ಹೇಗೆ? ಅವ್ರು ಜೋರು ಮಾಡ್ಲಿಲ್ಲ. ಮನೆಗೇ ಬಂದ್ರು, ಕೈಯಲ್ಲಿ ಒಂದು ಪ್ಯಾಕೆಟ್ ವೀಲ್ ಸಿಲಿಂಡರ್ ಕಪ್, ಅಂದ್ರೆ ಸಿಲಿಂಡರ್ ಒಳಗೆ ಕೂರೋ ಬಟ್ಟಲಿನಂಥ ರಬ್ಬರ್ ಸೀಲು. ನನ್ನ ಕೈಗೇ ಕೊಟ್ಟು ಬೆರಳಲ್ಲಿ ಮಡಚಿ ಅಂದ್ರು. ಮಡಚಿದೆ. ಕಪ್ಪಿನ ತುಟಿಯ ಅಂಚಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡ್ತು. ಆ ತುಟಿನೇ ಬ್ರೇಕ್ ಆಯಿಲ್ ಸೋರದಂಗೆ ಒತ್ತಿ ಹಿಡಿಯೋದು. ಆ ಪ್ಯಾಕೆಟ್ಟನ್ನ ನಾನು ಯಾರಿಗೋ ಕಳ್ಸಿದ್ರೆ, ಅವ್ರು ಮಕ್ಳನ್ನ ಕೂರಿಸ್ಕೊಂಡು ಇಳಿಜಾರಲ್ಲಿ ಇಳೀತಿದ್ರೆ... ನಾನು ಆಮೇಲೆ ಏನೂ ಮಾತಾಡ್ಲಿಲ್ಲ.

ಅವ್ರು ಹೇಳ್ಕೊಟ್ಟಿದ್ದು ಇಷ್ಟು, ಬೇರೆ ಕ್ಲಬ್ಬಿನವ್ರಿಗೂ ಬೇಕಾಗ್ಬೋದು. ರಬ್ಬರ್ ಸಾಮಾನು ಇಡೋಕೆ ಅಂತಾನೇ ಐಎಸ್‌ಒ 2230 ಅಂತ ಒಂದು ಮಾನದಂಡ ಇದೆ. ಸರಿಯಾಗಿ ಪ್ಯಾಕ್ ಮಾಡಿ, ತಂಪಾಗಿ, ಬಿಸ್ಲು ತಾಗದಂಗೆ ಇಟ್ರೂ ಮೊದಲ ಹಂತದಲ್ಲಿ ನ್ಯಾಚುರಲ್ ರಬ್ಬರಿಗೆ 5 ವರ್ಷ, ನೈಟ್ರೈಲ್ ಅನ್ನೋ ಕೃತಕ ರಬ್ಬರಿಗೆ 7, ಇಪಿಡಿಎಂ ಅನ್ನೋ ಇನ್ನೊಂದು ಕೃತಕ ರಬ್ಬರಿಗೆ 10, ಆಮೇಲೆ ತೆಗೆದು ಪರೀಕ್ಷೆ ಮಾಡಿ ಇನ್ನೂ ಕೆಲವು ವರ್ಷ ಮುಂದುವರಿಸ್ಬೋದು. ನಮ್ಮದು ಇದ್ರ ಎಷ್ಟೋ ಪಟ್ಟು ಹಳೇದು. ಸಾಲದ್ದಕ್ಕೆ ಹಳೇ ಸ್ಟೋರಲ್ಲಿ ರಬ್ಬರ್ ರ್ಯಾಕಿನ ಪಕ್ಕಾನೇ ಕಂಪ್ರೆಸರ್ ಮೋಟ್ರು ಇತ್ತು, ಎಲೆಕ್ಟ್ರಿಕ್ ಮೋಟ್ರಿನ ಕಿಡಿಯಿಂದ ಓಝೋನ್ ಹುಟ್ಟುತ್ತೆ, ಎಳೆದಂಗಿರೋ ರಬ್ಬರನ್ನ ಅದು ಸೀಳುತ್ತೆ. ನಂಗೆ ಗೊತ್ತೇ ಇರ್ಲಿಲ್ಲ. ಹೊಸ ಸ್ಟೋರಲ್ಲಿ ಮೋಟ್ರು ಗೋಡೆ ಆಚೆ.

ಇನ್ನೊಂದು, ಓ-ರಿಂಗ್‌ಗಳು. ಸೋರದಂಗೆ ಹಾಕೋ ರಬ್ಬರ್ ಉಂಗುರಗಳು, ಎಲ್ಲಾ ಕಪ್ಪಗೇ ಇರುತ್ತೆ, ಸೈಜ್ ಸರಿಯಿದ್ರೆ ಯಾವ್ದಾದ್ರೂ ಆಗುತ್ತೆ ಅಂತ ನಾವು ಒಂದೇ ಡಬ್ಬದಲ್ಲಿ ಹಾಕಿದ್ವಿ. ಪೆಟ್ರೋಲು, ಇಂಜಿನ್ ಆಯಿಲ್ ಇರೋ ಕಡೆ ನೈಟ್ರೈಲ್ ಬೇಕು. ಬ್ರೇಕ್ ಆಯಿಲ್ ಇರೋ ಕಡೆ ಇಪಿಡಿಎಂ. ನಾವು ಬಾಯ್ಮಾತಿಗೆ ಬ್ರೇಕ್ ಆಯಿಲ್ ಅಂತೀವಿ ಹೊರತು ಅದು ಎಣ್ಣೆ ಅಲ್ಲ, ಮಾಮೂಲಿ ಡಾಟ್ 3, ಡಾಟ್ 4 ಅನ್ನೋ ಎರಡು ದರ್ಜೆನೂ ಗ್ಲೈಕಾಲ್ ಅನ್ನೋ ರಾಸಾಯನಿಕದ ಕಡೆಯದ್ದು. ಅದಲು ಬದಲಾದ್ರೆ ರಬ್ಬರ್ ಉಬ್ಬುತ್ತೆ. ಬ್ರೇಕ್ ಕಪ್ಪಿಗೆ ಮಾಮೂಲಿ ಗ್ರೀಸ್ ಹಚ್ಚಿದ್ರೂ ಅದೇ ಕಥೆ, ಉಬ್ಬಿ ಬ್ರೇಕ್ ಹಿಡ್ಕೊಂಡುಬಿಡುತ್ತೆ. ಈಗ ಎರಡಕ್ಕೂ ಬೇರೆ ಬೇರೆ ರ್ಯಾಕು, ಪ್ರತಿ ಪ್ಯಾಕೆಟ್ ಮೇಲೆ ತಯಾರಾದ ತಿಂಗ್ಳು ವರ್ಷ, ಹಳೇದು ಮುಂದೆ ಹೊಸದು ಹಿಂದೆ. ಅಷ್ಟು ಡಬ್ಬ ಎಸೆಯೋಕೆ ಒಪ್ಪಿಗೆ ಕೊಟ್ಟ ಸಮಿತಿಯವ್ರಿಗೂ ಥ್ಯಾಂಕ್ಸ್, ಅದು ಕ್ಲಬ್ಬಿನ ದುಡ್ಡು ಅಂತ ನಂಗೆ ಗೊತ್ತು. ಹಳೇ ಬ್ರೇಕ್ ಲೈನಿಂಗ್‌ಗಳನ್ನ, ಕಲ್ನಾರು ಇರೋದನ್ನ, ಧೂಳು ಏಳದಂಗೆ ಕವರಲ್ಲಿ ಕಟ್ಟಿ ನಿಯಮದ ಪ್ರಕಾರ ವಿಲೇವಾರಿ ಮಾಡಿಸಿದ್ದೂ ಆ ರಬ್ಬರ್ ಫ್ಯಾಕ್ಟರಿ ಸದಸ್ಯೆನೇ. ಅಮ್ಮಾ, ಆವತ್ತು ಫೋನಲ್ಲಿ ಹಾಗೆ ಮಾತಾಡಿದ್ದಕ್ಕೆ ಕ್ಷಮಿಸಿ.

ನಮ್ಮ ಫಿಟ್ಟರ್ ಅಣ್ಣ, ವಯಸ್ಸು ಎಪ್ಪತ್ತು ದಾಟಿದೆ, ಆರು ಭಾನುವಾರ ಕೂತು ನಟ್ಟು ಬೋಲ್ಟು ಬೇರೆ ಮಾಡಿದ್ದಾರೆ. ಥ್ರೆಡ್ ಗೇಜ್ ಇಟ್ಟು ಒಂದೊಂದೇ. ವಿಟ್ವರ್ತ್ ಅನ್ನೋದು ಹಳೇ ಬ್ರಿಟಿಷ್ ಥ್ರೆಡ್, ಯುಎನ್‌ಸಿ ಅನ್ನೋದು ಅಮೆರಿಕದ ಕಡೆಯದ್ದು. ವಿಟ್ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಯುಎನ್‌ಸಿದು 60. ಅರ್ಧ ಇಂಚಿನ ಬೋಲ್ಟಲ್ಲಿ ವಿಟ್ವರ್ತಿಗೆ ಇಂಚಿಗೆ 12 ಥ್ರೆಡ್, ಯುಎನ್‌ಸಿಗೆ 13, ಅದು ನಾಲ್ಕು ಸುತ್ತಲ್ಲಿ ಹಿಡ್ಕೊಳ್ಳುತ್ತೆ, ತಪ್ಪು ಅಂತ ಗೊತ್ತಾಗುತ್ತೆ. ಆದ್ರೆ ಕಾಲಿಂಚು ತಗೊಂಡ್ರೆ ಎರಡಕ್ಕೂ 20 ಥ್ರೆಡ್ಡೇ, ಸಲೀಸಾಗಿ ಒಳಗೆ ಹೋಗುತ್ತೆ, ಸರಿಯಾಗೇ ಇದೆ ಅನ್ಸುತ್ತೆ, ಹಿಡಿತ ಮಾತ್ರ ಪೂರ್ತಿ ಇರಲ್ಲ. ಅಂಥದ್ದೇ ಹೆಚ್ಚು ಅಪಾಯ ಅಂತ ಅವ್ರು ಹೇಳ್ತಾ ಇದ್ರು. ಅಣ್ಣ, ನಿಮ್ಮ ಕನ್ನಡಕದ ನಂಬರ್ ನಮ್ಮ ಬೋಲ್ಟಿಂದ ಜಾಸ್ತಿ ಆಗ್ದಿದ್ರೆ ಸಾಕು.

ಖಜಾಂಚಿಯವ್ರ ಬಗ್ಗೆ ಹೇಳ್ದಿದ್ರೆ ತಪ್ಪಾಗುತ್ತೆ. ಪಾರ್ಟ್ ಮಾಡಿಸೋಕೆ ಹೋದ್ರೆ ಯಾರೂ ಹತ್ತು ಪೀಸ್ ಮಾಡ್ಕೊಡಲ್ಲ, ಅಚ್ಚಿನ ಖರ್ಚು ಹುಟ್ಟಬೇಕಲ್ಲ, 200 ಪೀಸ್ ತಗೊಳ್ಳಿ ಅಂತಾರೆ. ವರ್ಷಕ್ಕೆ ಇಪ್ಪತ್ತು ಹೋಗೋ ಪಾರ್ಟಾದ್ರೆ ಅದು ಹತ್ತು ವರ್ಷದ ಸ್ಟಾಕು, ಹತ್ತು ವರ್ಷ ಆ ದುಡ್ಡು ರ್ಯಾಕಲ್ಲೇ ಕೂತಿರುತ್ತೆ, ಅದೇ ರಬ್ಬರ್ ಆಗಿದ್ರೆ ಮಾರೋ ಮುಂಚೆನೇ ಅರ್ಧದ ಆಯಸ್ಸು ಮುಗಿದಿರುತ್ತೆ. ಇದನ್ನ ಲೆಕ್ಕ ಹಾಕಿ ಮುಂದಿಟ್ಟಿದ್ದು ಅವ್ರು. ಎರಡು ವರ್ಷ ಮಾರಾಟ ಆಗದ್ದನ್ನೆಲ್ಲ ತೆಗೆದುಬಿಡೋಣ ಅಂತ ಮೊದ್ಲು ಅವ್ರ ವಾದ ಇತ್ತು. ನಾನು ಒಪ್ಲಿಲ್ಲ. ಸ್ಟೀರಿಂಗ್ ಬಾಕ್ಸಿನ ಶಾಫ್ಟ್ ಐದು ವರ್ಷಕ್ಕೆ ಒಂದು ಹೋಗ್ಬೋದು, ಆದ್ರೆ ಅದು ಬೇಕಾದವನಿಗೆ ಅದಿಲ್ದೆ ಕಾರೇ ಇಲ್ಲ. ಎರಡು ಮೀಟಿಂಗ್ ಇದೇ ಆಯ್ತು. ಕೊನೆಗೆ ಅವ್ರೇ ಎದ್ದು ಹೇಳಿದ್ರು, ಎಷ್ಟು ಬೇಗ ಮಾರಾಟ ಆಗುತ್ತೆ ಅನ್ನೋದರ ಜೊತೆಗೆ 'ಇದಿಲ್ದೆ ಕಾರ್ ನಿಲ್ಲುತ್ತಾ, ಬೇರೆ ಕಡೆ ಸಿಗುತ್ತಾ' ಅಂತ ಇನ್ನೊಂದು ಕಾಲಂ ಹಾಕೋಣ ಅಂತ. ಆ ಕಾಲಮ್ಮೇ ಈಗ ನಮ್ಮ ಸ್ಟಾಕ್ ಶೀಟಿನ ಜೀವ.

ಲೇತ್ ಇಟ್ಕೊಂಡಿರೋ ನಮ್ಮ ಸದಸ್ಯರಿಗೂ ಒಂದು ಮಾತು. ಥರ್ಮೋಸ್ಟಾಟ್ ಹೌಸಿಂಗ್ ಹೊರಗಡೆ ಮಾಡಿಸಿದ್ವಲ್ಲ, ಕೊಟ್ಟ ಸ್ಯಾಂಪಲನ್ನೇ ಮಾದರಿ ಮಾಡ್ಕೊಂಡು ಎರಕ ಹೊಯ್ದುಬಿಟ್ಟಿದ್ರು. ಅಲ್ಯೂಮಿನಿಯಂ ಆರಿದಾಗ ನೂರಕ್ಕೆ ಸುಮಾರು 1.3ರಷ್ಟು ಕುಗ್ಗುತ್ತೆ, 100 ಮಿಲಿಮೀಟರ್ ಇರೋದು 98.7 ಆಗುತ್ತೆ, ಬೋಲ್ಟಿನ ತೂತು ಕೂರಲ್ಲ. ಇಡೀ ಬ್ಯಾಚ್ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಇವ್ರು ಒಂದೊಂದನ್ನೂ ಕೂರಿಸಿ, ತೂತು ದೊಡ್ದು ಮಾಡಿ, ಮುಖ ಸಮ ಮಾಡಿ, ಕೂಲಿ ತಗೊಳ್ದೆ ಉಳಿಸ್ಕೊಟ್ರು. ಜೊತೆಗೆ ಸವೆಯದ ಒಂದು ಪೀಸ್ ಹುಡುಕಿ ಅಳತೆ ತೆಗೆದು ಡ್ರಾಯಿಂಗ್ ಬರೆದಿಟ್ಟಿದ್ದಾರೆ, ಇನ್ಮೇಲೆ ಸ್ಯಾಂಪಲ್ ಕೊಡೋದಿಲ್ಲ, ಡ್ರಾಯಿಂಗೇ ಕೊಡೋದು.

ಆರ್ಡರ್ ಹಾಕಿ ತಿಂಗಳುಗಟ್ಟಲೆ ಕಾದ ಸದಸ್ಯರು ಒಬ್ರೂ ಬೈಲಿಲ್ಲ, ದುಡ್ಡು ವಾಪಸ್ ಕೇಳ್ಲಿಲ್ಲ. ಒಬ್ರಂತೂ ತಮ್ಮ ಕಾರ್ ಜಾಕಿ ಮೇಲೆ ನಿಂತಿದ್ರೂ 'ಮೊದ್ಲು ಆರೋಗ್ಯ ನೋಡ್ಕೊಳ್ಳಿ' ಅಂತ ಬರೆದಿದ್ರು. ಅದನ್ನ ಓದಿದ ದಿನ ನಂಗೆ ಎದ್ದು ನಾಲ್ಕು ಹೆಜ್ಜೆ ಜಾಸ್ತಿ ನಡೆಯೋಕೆ ಆಯ್ತು, ಸುಳ್ಳಲ್ಲ. ಮನೆಯವ್ರಿಗೆ ನಾನು ಬೇರೆಯಾಗೇ ಹೇಳ್ತೀನಿ, ಇಷ್ಟು ವರ್ಷದ ಭಾನುವಾರಗಳ ಲೆಕ್ಕ ಇಲ್ಲಿ ಬರೆದು ಮುಗಿಯೋದಲ್ಲ.

ಬೀಗದ ಕೈ ಈಗ ಮೂರು ಜನರ ಹತ್ರ ಇದೆ. ಡಾಕ್ಟ್ರು ಕೂತು ಮಾಡೋ ಕೆಲ್ಸ ಮಾಡ್ಬೋದು ಅಂದಿದ್ದಾರೆ, ಮುಂದಿನ ಭಾನುವಾರ ಬರ್ತೀನಿ. ಲೇಬಲ್ ಇಲ್ದಿರೋ ಆ ಹಸಿರು ಟ್ರಂಕನ್ನ ನಾನು ಬರೋವರೆಗೂ ಹಾಗೇ ಇಟ್ಟಿರಿ, ತಳದಲ್ಲಿ ಸ್ಟೀರಿಂಗ್ ಬಾಕ್ಸಿನ ಶಿಮ್ಮುಗಳು (ಸಂದು ಸರಿ ಮಾಡೋಕೆ ಹಾಕೋ ತೆಳು ತಗಡು) ಇರ್ಬೇಕು, ದಪ್ಪದ ಲೆಕ್ಕದಲ್ಲಿ ಬೇರೆ ಬೇರೆ ಕವರ್ ಮಾಡ್ಬೇಕು. ಯಾರಾದ್ರೂ ಮೈಕ್ರೋಮೀಟರ್ ತಂದ್ರೆ ಒಳ್ಳೇದು, ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ.