ನೇತ್ರಾಣಿಯ ತೊರಕೆಗಳಿಗೆ ತಿಂಡಿ ಎಸೆಯುವುದು ಬೇಡ

ಮಾನ್ಯ ಸಂಪಾದಕರೆ,

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆಂದು ಹೋಗುವವರಲ್ಲಿ ಮೀನುಗಳನ್ನು ಹತ್ತಿರ ಸೆಳೆಯಲು ನೀರಿಗೆ ತಿಂಡಿ ಎಸೆಯುವ ಚಾಳಿ ಬೇರೂರದಂತೆ ಈಗಲೇ ತಡೆಯಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕಾಳಜಿ ಮುಖ್ಯವಾಗಿ ತೊರಕೆ (ಸ್ಟಿಂಗ್‌ರೇ) ಎಂಬ ಚಪ್ಪಟೆ ಮೀನಿನ ಕುರಿತಾದದ್ದು.

ತೊರಕೆಯ ಕಣ್ಣು ಬೆನ್ನಿನ ಕಡೆ, ಬಾಯಿ ಹೊಟ್ಟೆಯ ಕಡೆ ಇರುವುದರಿಂದ ಬಾಯಿಗೆ ಬಂದ ಆಹಾರ ಅದಕ್ಕೆ ಕಾಣುವುದಿಲ್ಲ. ವಾಸನೆಯ ಜೊತೆಗೆ, ಮರಳಿನಡಿ ಹುದುಗಿರುವ ಏಡಿ, ಸಿಗಡಿ, ಹುಳುಗಳ ಮೈಯಿಂದ ಹೊಮ್ಮುವ ಅತಿ ಕ್ಷೀಣವಾದ ವಿದ್ಯುತ್ತನ್ನು ಮೂತಿಯ ಸುತ್ತಲಿನ ಸೂಕ್ಷ್ಮ ರಂಧ್ರಗಳಿಂದ ಗ್ರಹಿಸಿ, ಅಗಲವಾದ ರೆಕ್ಕೆಗಳನ್ನು ಬಡಿದು, ಬಾಯಿಂದ ನೀರು ಚಿಮ್ಮಿಸಿ ಮರಳು ಸರಿಸಿ ಅದು ಬೇಟೆಯನ್ನು ಹಿಡಿಯುತ್ತದೆ. ಬೆಳಚಿನಂಥ ಗಟ್ಟಿ ಚಿಪ್ಪನ್ನು ಒಡೆಯಬಲ್ಲ ಚಪ್ಪಟೆ ಹಲ್ಲುಗಳು ಹಲವು ಜಾತಿಗಳಿಗಿವೆ. ಅದು ಕೆದಕಿದಲ್ಲಿ ಚಿಕ್ಕ ಮೀನುಗಳೂ ಸೇರಿ ತಮ್ಮ ಪಾಲು ಹೆಕ್ಕಿಕೊಳ್ಳುತ್ತವೆ. ಉಷ್ಣವಲಯದ ಹವಳದ ದಿಬ್ಬಗಳಲ್ಲಿ ವಾಸಿಸುವ ನೀಲಿ ಚುಕ್ಕೆಯ ತೊರಕೆ ಉಬ್ಬರದ ಜೊತೆ ಆಳವಿಲ್ಲದ ಮರಳಿಗೆ ಮೇಯಲು ಬಂದು, ಇಳಿತವಾದಾಗ ಬಂಡೆಯ ಸಂದಿಗೆ ಮರಳುತ್ತದೆ. ತೊರಕೆಯ ಬಳಗದವೇ ಆದ ಮಾಂಟಾಗಳ ರೀತಿಯೇ ಬೇರೆ: ಅಷ್ಟು ದೊಡ್ಡ ದೇಹವಿದ್ದೂ ನೀರನ್ನು ಸೋಸಿ ಅದರಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲವಕಗಳನ್ನು ತಿನ್ನುತ್ತವೆ, ಮೈಮೇಲಿನ ಪರಾವಲಂಬಿಗಳನ್ನು ಚಿಕ್ಕ ಮೀನುಗಳಿಂದ ತೆಗೆಸಿಕೊಳ್ಳಲು ಹವಳದ ಗೊತ್ತಾದ ಜಾಗಗಳಿಗೆ ಬರುತ್ತವೆ.

ಇಂಥ ಪ್ರಾಣಿಯ ಬಾಯಿಗೆ ಮನುಷ್ಯರೇ ಆಹಾರ ಹಿಡಿದರೆ ಏನಾಗುತ್ತದೆಂಬುದಕ್ಕೆ ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪ ಸಾಕ್ಷಿಯಾಗಿದೆ. ಅಲ್ಲಿ ಪ್ರವಾಸಿಗರು ಬೊಂಡಾಸ್ (ಸ್ಕ್ವಿಡ್) ತಿನ್ನಿಸುವ ತೊರಕೆಗಳನ್ನು ವಿಜ್ಞಾನಿಗಳು ಅಭ್ಯಸಿಸಿದಾಗ, ಸಹಜವಾಗಿ ರಾತ್ರಿ ಒಂಟಿಯಾಗಿ ಮೇಯುವ ಈ ಮೀನುಗಳು ಹಗಲಿನಲ್ಲಿ ಒಂದೇ ಕಡೆ ಗುಂಪುಗೂಡುವುದನ್ನೂ, ಅವುಗಳ ಮೈಮೇಲೆ ಗಾಯ ಮತ್ತು ಪರಾವಲಂಬಿಗಳು ಹೆಚ್ಚಿರುವುದನ್ನೂ ಕಂಡರು. ಪ್ರವಾಸಿಗರ ಸಂತೋಷಕ್ಕಾಗಿ ಒಂದು ಜೀವಿಯ ದಿನಚರಿಯನ್ನೇ ತಲೆಕೆಳಗು ಮಾಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಬಾಲದ ವಿಷಮುಳ್ಳು ಅದರ ಆತ್ಮರಕ್ಷಣೆಗೆ ಇರುವಂಥದ್ದು. ಮರಳಲ್ಲಿ ಮಲಗಿದ್ದಾಗ ತುಳಿದರೆ ಅಥವಾ ಸುತ್ತುವರಿದು ಹಿಡಿಯಹೋದರೆ ಮಾತ್ರ ಚುಚ್ಚುತ್ತದೆ. ನಮ್ಮ ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತು.

ಆದ್ದರಿಂದ ಮಳೆಗಾಲ ಮುಗಿದು ಡೈವಿಂಗ್ ಆರಂಭವಾಗುವ ಮೊದಲೇ, ನೀರಿಗೆ ಆಹಾರ ಹಾಕಬಾರದು, ತೊರಕೆಯನ್ನು ಮುಟ್ಟಬಾರದು, ಬೆನ್ನಟ್ಟಬಾರದು ಎಂಬ ಸೂಚನೆಯನ್ನು ದೋಣಿ ಹತ್ತುವ ಜಾಗದಲ್ಲಿ ಕನ್ನಡದಲ್ಲಿ ಹಾಕಿಸಿ, ಪ್ರತಿ ತಂಡಕ್ಕೂ ಓದಿ ಹೇಳುವುದನ್ನು ಪ್ರವಾಸೋದ್ಯಮ ಮತ್ತು ಮೀನುಗಾರಿಕೆ ಇಲಾಖೆಗಳು ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಭಟ್ಕಳ ತಾಲ್ಲೂಕು