ಹೊಸ ಕಾರಿನಲ್ಲಿ ಏನಿಲ್ಲ ಎಂಬುದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಚೌತಿ ಹತ್ತಿರ ಬರುತ್ತಿದ್ದಂತೆ ಪತ್ರಿಕೆಯಲ್ಲಿ ಕಾರುಗಳ ಜಾಹೀರಾತು ತುಂಬಿಕೊಳ್ಳುತ್ತದೆ. ಸನ್‌ರೂಫ್ ಇದೆ, ಹತ್ತಿಂಚಿನ ಪರದೆ ಇದೆ, ಆರು ಏರ್‌ಬ್ಯಾಗ್ ಇವೆ ಎಂದು ದಪ್ಪಕ್ಷರದಲ್ಲಿ ಬರುತ್ತದೆ. ಹಳೆಯ ಕಾರಿನಲ್ಲಿದ್ದು ಹೊಸದರಲ್ಲಿ ಇಲ್ಲದ್ದು ಯಾವುದೆಂದು ಮಾತ್ರ ಯಾರೂ ಅಚ್ಚು ಹಾಕುವುದಿಲ್ಲ. ಹತ್ತು ಹನ್ನೆರಡು ವರ್ಷ ಓಡಿಸಿದ ಗಾಡಿ ಕೊಟ್ಟು ಹೊಸದು ತಂದ ನಮ್ಮ ಮುಂಬಯಿ ಕನ್ನಡಿಗರಿಗೆ ಅದು ಗೊತ್ತಾಗುವುದು ಊರಿಗೆ ಹೊರಟಾಗಲೇ: ಕೊಲ್ಹಾಪುರ ದಾಟಿದ ಮೇಲೆ ನಡುರಾತ್ರಿಯಲ್ಲಿ, ಇಲ್ಲವೇ ಅಂಬೋಲಿ ಘಾಟಿಯ ಮಳೆಯಲ್ಲಿ.

ಹಳೆಯದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಅದರ ಮುಂಬಾಗಿಲಿನ ತ್ರಿಕೋನ ಗಾಜನ್ನು ಸ್ವಲ್ಪ ಓರೆ ಮಾಡಿದರೆ ಮಳೆ ಒಳಗೆ ಬಾರದೆ ಗಾಳಿಯಷ್ಟೇ ಬರುತ್ತಿತ್ತು, ನಿಜ. ಆದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರಲಿಲ್ಲ, ಏರ್‌ಬ್ಯಾಗ್ ಇರಲಿಲ್ಲ. 2019ರಿಂದ ಹೊಸ ಕಾರುಗಳಿಗೆ ಎಬಿಎಸ್, ಚಾಲಕನ ಏರ್‌ಬ್ಯಾಗ್, ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದದ್ದು ಒಳ್ಳೆಯದೇ ಆಯಿತು. ನಮ್ಮ ಮಾತು ಸದ್ದಿಲ್ಲದೆ ಕೈಬಿಟ್ಟುಹೋದ ಕೆಲವು ವಸ್ತುಗಳ ಬಗ್ಗೆ.

ಮೊದಲನೆಯದು ಸ್ಟೆಪ್ನಿ, ಅಂದರೆ ಪಂಕ್ಚರ್ ಆದಾಗ ಹಾಕುವ ಐದನೇ ಚಕ್ರ. ಟೈರಿನ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಕೊಟ್ಟರೆ 3.5 ಟನ್ ಒಳಗಿನ ವಾಹನಕ್ಕೆ ಸ್ಟೆಪ್ನಿ ಬೇಕಿಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಸಡಿಲಿಸಿತು. ಹೀಗಾಗಿ ಡಿಕ್ಕಿಯ ತಳದ ಹಲಗೆ ಎತ್ತಿದರೆ ಕೆಲವು ಕಾರುಗಳಲ್ಲಿ ಒಂದು ಬಾಟಲಿ ಅಂಟುದ್ರವ ಮತ್ತು ಪುಟ್ಟ ಗಾಳಿಪಂಪು ಮಾತ್ರ ಸಿಗುತ್ತದೆ. ಟೈರು ನೆಲ ಮುಟ್ಟುವ ಭಾಗದಲ್ಲಿ ಮೊಳೆ ಚುಚ್ಚಿ ಆದ ಸಣ್ಣ ತೂತಿಗೆ ಈ ದ್ರವ ಸಾಕು. ಹೊಂಡದ ಅಂಚಿಗೆ ಬಡಿದು ಟೈರಿನ ಪಕ್ಕೆ ಸೀಳಿದರೆ ಅದರಿಂದ ಏನೂ ಆಗದು. ನಮ್ಮ ಮಳೆಗಾಲದ ರಸ್ತೆಗಳಲ್ಲಿ ಹೆಚ್ಚಾಗಿ ಸೀಳುವುದು ಪಕ್ಕೆಯೇ. ಬಾಟಲಿಯ ಮೇಲೆ ಮುಗಿಯುವ ದಿನಾಂಕ ಇರುತ್ತದೆ, ಅದನ್ನು ನೋಡುವವರೇ ಇಲ್ಲ. ದ್ರವ ಹಾಕಿದ ಮೇಲೆ ನಿಧಾನವಾಗಿ ಐದಾರು ಕಿಲೋಮೀಟರ್ ಓಡಿಸಬೇಕು, ಆಗಲೇ ಅದು ಒಳಗೆಲ್ಲ ಹರಡಿ ತೂತು ಮುಚ್ಚುವುದು. ಆಮೇಲೆ ನಿಂತು ಗಾಳಿ ಮತ್ತೆ ಅಳೆಯಬೇಕು. ಪಂಕ್ಚರ್ ಅಂಗಡಿಯವನಿಗೆ ಒಳಗೆ ದ್ರವ ಇದೆ ಎಂದು ಮೊದಲೇ ಹೇಳಿ, ಟೈರ್ ಬಿಚ್ಚಿದಾಗ ಅವನು ಅದನ್ನು ಒರೆಸಿ ತೆಗೆಯುತ್ತಾನೆ.

ಸ್ಟೆಪ್ನಿ ಇದ್ದರೂ ಉಳಿದ ನಾಲ್ಕರ ಅಳತೆಯದೇ ಎಂದು ನಂಬಬೇಡಿ. ಅಲಾಯ್ ಚಕ್ರದ ಕಾರಿಗೆ ಒಂದಳತೆ ಚಿಕ್ಕದಾದ ಉಕ್ಕಿನ ಚಕ್ರ ಕೊಡುವುದು ಈಗ ಮಾಮೂಲಿ. ಅದರ ಮೇಲೆ ಗಂಟೆಗೆ 80 ಕಿ.ಮೀ. ಮಿತಿ ಎಂಬ ಚೀಟಿ ಇರುತ್ತದೆ. ಸೈಕಲ್ ಟೈರಿನಂತೆ ತೆಳ್ಳಗಿರುವ ತಾತ್ಕಾಲಿಕ ಟೈರಾದರೆ 60 ಪಿಎಸ್‌ಐ ಗಾಳಿ ಬೇಕು, ಅಂಕಿ ಅದರ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ಪೆಟ್ರೋಲ್ ಪಂಪಿನ ಹುಡುಗ ಉಳಿದವಕ್ಕೆ ಹಾಕಿದ 33 ಪಿಎಸ್‌ಐ ಅನ್ನೇ ಅದಕ್ಕೂ ಹಾಕಿದರೆ ಭಾರಕ್ಕೆ ಕುಗ್ಗಿ ಬಿಸಿಯಾಗಿ ಹಾಳಾಗುತ್ತದೆ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಿನಲ್ಲಿ ಮುಂದಿನದೇ ಪಂಕ್ಚರ್ ಆದರೆ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಚಿಕ್ಕದನ್ನು ಹಿಂದೆ ಹಾಕಿ. ಎರಡು ಸಲ ಜ್ಯಾಕ್ ಎತ್ತುವ ಶ್ರಮ ಹೌದು, ಆದರೆ ಮುಂದಿನ ಎರಡು ಚಕ್ರಗಳ ಅಳತೆ ಬೇರೆಯಾದರೆ ಎರಡೂ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ ಒಂದೇ ಸಮನೆ ತಿರುಗುತ್ತ ಸವೆಯುತ್ತದೆ. ನಟ್ಟುಗಳನ್ನು ಜ್ಯಾಕ್ ಎತ್ತುವ ಮುಂಚೆ ಅರ್ಧ ಸುತ್ತು ಸಡಿಲಿಸಿ, ಚಕ್ರ ನೆಲಕ್ಕಿಳಿಸಿದ ಮೇಲೆ ಎದುರುಬದುರಾಗಿ ಬಿಗಿಯಿರಿ. ಜ್ಯಾಕ್ ಮತ್ತು ಸ್ಪ್ಯಾನರ್ ಕೂಡ ಇವೆಯೇ ಎಂದು ಶೋರೂಮ್‌ನಲ್ಲೇ ಕೈಯಿಟ್ಟು ನೋಡಿ.

ಎರಡನೆಯದು ಹ್ಯಾಂಡ್‌ಬ್ರೇಕ್. ಸೀಟುಗಳ ನಡುವೆ ಇದ್ದ ಸಲಾಕೆ ಹೋಗಿ ಬೆರಳಗಲದ ಸ್ವಿಚ್ ಬಂದಿದೆ. ಎತ್ತಿದರೆ ಬ್ರೇಕ್ ಬೀಳುತ್ತದೆ. ಕಾಲಿನ ಬ್ರೇಕ್ ಒತ್ತಿ ಸ್ವಿಚ್ ಕೆಳಗೆ ಅದುಮಿದರೆ ಬಿಡುತ್ತದೆ. ಸಲಾಕೆಯಾಗಿದ್ದರೆ ಎಷ್ಟು ಹಲ್ಲು ಎಳೆದೆವು, ಎಷ್ಟು ಹಿಡಿಯಿತು ಎಂದು ಅಂಗೈಗೇ ತಿಳಿಯುತ್ತಿತ್ತು. ಏರಿನಲ್ಲಿ ಗಾಡಿ ಎತ್ತುವಾಗ ಕ್ಲಚ್ ಹಿಡಿಯುವವರೆಗೆ ಕೈಯಲ್ಲೇ ತಡೆದು ಮೆಲ್ಲಗೆ ಬಿಡುವ ಅಭ್ಯಾಸ ಇದ್ದವರಿಗೆ ಮೊದಲ ತಿಂಗಳು ಕೈ ತಡಕಾಡುತ್ತದೆ. ಬದಲಿಗೆ ಆಟೋ ಹೋಲ್ಡ್ ಬಂದಿದೆ: ಬ್ರೇಕ್ ಒತ್ತಿ ನಿಂತರೆ ಕಾಲು ತೆಗೆದರೂ ಗಾಡಿ ಅಲ್ಲೇ ನಿಲ್ಲುತ್ತದೆ, ಆಕ್ಸಲರೇಟರ್ ಒತ್ತಿದಾಗ ಹೊರಡುತ್ತದೆ. ಪಶ್ಚಿಮ ದ್ರುತಗತಿ ಮಾರ್ಗದ ಸಂಜೆಯ ದಟ್ಟಣೆಯಲ್ಲಿ ಇದು ವರವೇ ಸರಿ. ಸೀಟ್‌ಬೆಲ್ಟ್ ಹಾಕದಿದ್ದರೆ ಹಲವು ಕಾರುಗಳಲ್ಲಿ ಅದು ಕೆಲಸ ಮಾಡುವುದಿಲ್ಲ, ಕೆಲವದರಲ್ಲಿ ಪ್ರತಿ ಸಲ ಎಂಜಿನ್ ಹಾಕಿದಾಗಲೂ ಗುಂಡಿ ಒತ್ತಬೇಕು. ಇದನ್ನು ತಿಳಿಯದೆ ಏರಿನಲ್ಲಿ ಕಾಲು ತೆಗೆದವರ ಗಾಡಿ ಹಿಂದಕ್ಕೆ ಜಾರುತ್ತದೆ.

ಬ್ಯಾಟರಿ ಪೂರ್ತಿ ಇಳಿದರೆ ಈ ಬ್ರೇಕ್ ಬಿಡಿಸಲಾಗದು, ಗಾಡಿ ತಳ್ಳಲೂ ಬಾರದು. ಮೊದಲು ಇನ್ನೊಂದು ಬ್ಯಾಟರಿಯಿಂದ ಕರೆಂಟ್ ಕೊಡಬೇಕು. ಓಡುವಾಗ ಕಾಲಿನ ಬ್ರೇಕ್ ಕೈಕೊಟ್ಟರೆ ಸ್ವಿಚ್ಚನ್ನು ಎತ್ತಿ ಹಿಡಿದೇ ಇದ್ದರೆ ಹೆಚ್ಚಿನ ಕಾರುಗಳು ಹತೋಟಿಯಲ್ಲೇ ನಿಲ್ಲುತ್ತವೆ. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಡಿ. ಗಲ್ಲಿಯ ಮೆಕ್ಯಾನಿಕ್ ಗೆಳೆಯರಿಗೂ ಒಂದು ಮಾತು: ಹಿಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸುವಾಗ ಸ್ಕ್ಯಾನರ್‌ನಿಂದ ಸರ್ವಿಸ್ ಮೋಡ್‌ಗೆ ತರದೆ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಿದರೆ ಕ್ಯಾಲಿಪರಿನ ಮೋಟರ್ ಕೆಡುತ್ತದೆ.

ಮೂರನೆಯದು ಎಂಜಿನ್ ಬಿಸಿ ತೋರಿಸುವ ಮುಳ್ಳು. ಈಗ ಬಹಳಷ್ಟು ಚಿಕ್ಕ ಕಾರುಗಳಲ್ಲಿ ನೀಲಿ ದೀಪ, ಕೆಂಪು ದೀಪ ಮಾತ್ರ. ನೀಲಿ ಎಂದರೆ ಎಂಜಿನ್ ಇನ್ನೂ ತಣ್ಣಗಿದೆ. ಕೆಂಪು ಎಂದರೆ ಈಗಾಗಲೇ ಮಿತಿ ಮೀರಿದೆ. ಖಂಡಾಲಾ ಘಾಟಿ ಹತ್ತುವಾಗ ಮುಳ್ಳು ಅರ್ಧ ದಾಟುವುದನ್ನು ನೋಡಿ ಎ.ಸಿ. ಆರಿಸಿ ಬದಿಗೆ ನಿಲ್ಲಿಸಲು ಸಿಗುತ್ತಿದ್ದ ಕೆಲವು ನಿಮಿಷಗಳ ಸೂಚನೆ ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ, ಇತ್ತೀಚಿನ ಮುಳ್ಳುಗಳೂ ಒಂದಿಷ್ಟು ಡಿಗ್ರಿ ಏರಿಳಿತವನ್ನು ತೋರಿಸದೆ ನಡುವಿನಲ್ಲೇ ನಿಲ್ಲುವಂತೆ ಮಾಡಿದವು. ಆದರೂ ದೀಪಕ್ಕಿಂತ ಅದೇ ಮೇಲು. ಸ್ಟಿಯರಿಂಗ್ ಕೆಳಗೆ ಇರುವ, ಎಂಜಿನ್ನಿನ ಮಾಹಿತಿ ಕೊಡುವ ಒಬಿಡಿ ಸಾಕೆಟ್ಟಿಗೆ ಸಣ್ಣ ಸಾಧನ ಸಿಕ್ಕಿಸಿ ಮೊಬೈಲಿನಲ್ಲಿ ಕೂಲೆಂಟ್‌ನ (ಎಂಜಿನ್ ತಣಿಸುವ ದ್ರವದ) ಡಿಗ್ರಿ ನೋಡಬಹುದು. 85ರಿಂದ 105ರ ನಡುವೆ ಇದ್ದರೆ ಸಾಮಾನ್ಯ. ಕೆಂಪು ದೀಪ ಹತ್ತಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ತಣಿಯುವ ತನಕ ಕೂಲೆಂಟ್ ಡಬ್ಬಿಯ ಮುಚ್ಚಳ ಮುಟ್ಟಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಮಳೆಗಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಎ.ಸಿ.ಯ ಗುಂಡನೆಯ ನಾಬು. ಮುಂಗಾಜು ಮಂಜಾದಾಗ ಕಣ್ಣು ರಸ್ತೆಯ ಮೇಲಿಟ್ಟು ಬೆರಳಲ್ಲೇ ತಿರುಗಿಸಬಹುದಿತ್ತು. ಈಗ ಪರದೆಯಲ್ಲಿ ಒಂದರ ಹಿಂದೆ ಒಂದು ಚಿತ್ರ ಒತ್ತಬೇಕು, ಕಣ್ಣು ಆ ಕಡೆಗೇ ಹೋಗುತ್ತದೆ. ಸ್ವೀಡನ್ನಿನ ಒಂದು ವಾಹನ ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಇದನ್ನು ಅಳೆದು ನೋಡಿತು. ಗುಂಡಿಗಳೇ ಇದ್ದ 2005ರ ವೋಲ್ವೊ ಕಾರಿನಲ್ಲಿ ಕೊಟ್ಟ ಕೆಲಸಗಳೆಲ್ಲ 10 ಸೆಕೆಂಡಿನಲ್ಲಿ ಮುಗಿದವು, ಅಷ್ಟರಲ್ಲಿ ಕಾರು ಸಾಗಿದ್ದು ಸುಮಾರು 300 ಮೀಟರ್. ಪರದೆಯ ಕಾರುಗಳಲ್ಲಿ ಕೊನೆಗೆ ಬಂದದ್ದಕ್ಕೆ 44 ಸೆಕೆಂಡಿಗೂ ಹೆಚ್ಚು ಬೇಕಾಯಿತು. ಯುರೋಪಿನಲ್ಲಿ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪಗಳಿಗೆ ಕೈಗೆ ಸಿಗುವ ಗುಂಡಿ ಇರಬೇಕೆಂದು ಅಂಕಗಳ ಲೆಕ್ಕಕ್ಕೆ ಸೇರಿಸಿದೆ. ನಮ್ಮ ದೇಶದಲ್ಲಿ ಅದೇ ಕೆಲಸ ಮಾಡುವ ಭಾರತ್ ಎನ್‌ಕ್ಯಾಪ್ ಕೂಡ ಆ ದಾರಿ ಹಿಡಿಯಲಿ, ಎ.ಸಿ.ಯನ್ನೂ ಸೇರಿಸಲಿ, ನಮ್ಮ ಹವೆಗೆ ಅದು ಬೇಕೇ ಬೇಕು.

ಮಂಜು ಒಳಗಿನದೋ ಹೊರಗಿನದೋ ಎಂದು ಮೊದಲು ಬೆರಳಲ್ಲಿ ಒರೆಸಿ ನೋಡಬೇಕು. ಒಳಗಿನದಾದರೆ ಎ.ಸಿ. ಹಾಕಿ, ಹೊರಗಾಳಿ ಬರುವಂತೆ ಮಾಡಿ, ಗಾಳಿಯನ್ನು ಗಾಜಿಗೆ ಬಿಟ್ಟು ಉಷ್ಣತೆ ಸ್ವಲ್ಪ ಏರಿಸಿ. ಹೊರಗಿನದಾದರೆ ತಿರುಗಾಮುರುಗಾ: ಗಾಜು ತೀರ ತಣ್ಣಗಾದದ್ದೇ ಕಾರಣ, ಆದ್ದರಿಂದ ವೈಪರ್ ಹಾಕಿ, ತಣ್ಣನೆಯ ಗಾಳಿ ಗಾಜಿಗೆ ತಾಗದಂತೆ ತಿರುಗಿಸಿ. ಮುಂಗಾಜಿನ ಮಂಜು ತೆಗೆಯುವ ಡಿಫಾಗರ್‌ಗೆ ಪ್ರತ್ಯೇಕ ಗುಂಡಿ ಇನ್ನೂ ಹಲವು ಕಾರುಗಳಲ್ಲಿದೆ. ಅದು ಎಲ್ಲಿದೆಯೆಂದು ನಿಂತ ಕಾರಿನಲ್ಲೇ ಕಲಿತುಕೊಳ್ಳಿ.

ಇನ್ನುಳಿದವು ಚಿಕ್ಕವು. ಸಿಗರೇಟ್ ಲೈಟರಿನ 12 ವೋಲ್ಟ್ ಸಾಕೆಟ್ ಹೋಗಿ ಬರೀ ಯುಎಸ್‌ಬಿ ಇದ್ದರೆ ಕೈಯಲ್ಲಿರುವ ಗಾಳಿಪಂಪು ಓಡುವುದಿಲ್ಲ. ಡಿಕ್ಕಿಯ ಬಾಗಿಲು ಗಾಜಿನ ಸಮೇತ ಮೇಲೇಳುವ ಕಾರುಗಳಲ್ಲಿ ಗಾಳಿ ಸುಳಿದು ಕೆಸರನ್ನೆಲ್ಲ ಹಿಂಗಾಜಿಗೆ ಮೆತ್ತುತ್ತದೆ. ಕಡಿಮೆ ಬೆಲೆಯ ವೇರಿಯಂಟಿನಲ್ಲಿ ಮೊದಲು ಕತ್ತರಿ ಬೀಳುವುದು ಅದರ ವೈಪರ್‌ಗೇ. ಕೀ ತಿರುಗಿಸುವ ತೂತಿಲ್ಲದ ಕಾರಿನಲ್ಲಿ ರಿಮೋಟಿನ ಗುಂಡಿಸೆಲ್ ಇಳಿದರೆ ಗಾಬರಿಯಾಗಬೇಡಿ. ರಿಮೋಟಿನೊಳಗೆ ಅಡಗಿರುವ ಕಬ್ಬಿಣದ ಕೀ ಎಳೆದು ಬಾಗಿಲು ತೆರೆಯಿರಿ, ಆಮೇಲೆ ರಿಮೋಟನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ; ಹೆಚ್ಚಿನ ಕಾರುಗಳು ಹೊರಡುತ್ತವೆ.

ಕಾರಿನ ಬ್ಯಾಟರಿ ಇಳಿದಾಗ ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಆಟೋಮ್ಯಾಟಿಕ್‌ನಲ್ಲಿ ನಡೆಯದು. ಅದಕ್ಕೇ ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ತರುವ ಜಂಪರ್ ಕೇಬಲ್ ಇಟ್ಟುಕೊಳ್ಳಿ. ಕೆಂಪನ್ನು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪನ್ನು ಒಳ್ಳೆಯದರ ಮೈನಸ್‌ಗೆ, ಅದರ ಕೊನೆಯ ತುದಿಯನ್ನು ಕೆಟ್ಟ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯ ಮೇಲೆಯೇ ಕಿಡಿ ಹಾರಬಾರದೆಂದು ಈ ಕ್ರಮ.

ಕಾರು ಕಂಪನಿಗಳ ಜಾಲತಾಣದಲ್ಲಿ ಮಾಲೀಕರ ಕೈಪಿಡಿ ಪುಕ್ಕಟೆ ಸಿಗುತ್ತದೆ. ಮುಂಗಡ ಕೊಡುವ ಮೊದಲೇ ಅದರಲ್ಲಿ ಸ್ಟೆಪ್ನಿ, ಪಾರ್ಕಿಂಗ್ ಬ್ರೇಕ್, ಎಚ್ಚರಿಕೆ ದೀಪಗಳ ಪುಟಗಳನ್ನು ಓದಬಹುದು. ತಮ್ಮ ಪತ್ರಿಕೆಯಲ್ಲಿ ಹೊಸ ಕಾರಿನ ಪರಿಚಯ ಬರೆಯುವವರು ಬೆಲೆ, ಮೈಲೇಜ್ ಜೊತೆಗೆ ನಾಲ್ಕು ಸಾಲು ಸೇರಿಸಲಿ ಎಂದು ಕೋರುತ್ತೇವೆ: ಸ್ಟೆಪ್ನಿ ಇದೆಯೇ, ಯಾವ ಅಳತೆಯದು, ಬಿಸಿ ತೋರಿಸುವುದು ಮುಳ್ಳೋ ದೀಪವೋ, ಎ.ಸಿ.ಗೆ ಗುಂಡಿ ಇದೆಯೇ. ಯಾವ ವೇರಿಯಂಟಿನಲ್ಲಿ ಹಿಂದಿನ ವೈಪರ್ ಇಲ್ಲ ಎಂಬುದನ್ನೂ ಹೇಳಲಿ. ಚೌತಿಗೆ ಮುಂಚಿನ ಸಂಚಿಕೆಗಳಲ್ಲೇ ಇದು ಬಂದರೆ ಊರಿಗೆ ಹೊರಡುವವರಿಗೆ ಸಮಯಕ್ಕೆ ಸಿಗುತ್ತದೆ.

ಇಂತಿ,
ಗ್ಯಾರೇಜ್ ವೃತ್ತಿಯ ಕೆಲವು ಓದುಗರು
ಮುಲುಂಡ್, ಮುಂಬಯಿ