ಕುರ್ಚಿಗಳನ್ನು ಸುತ್ತಲೂ ಹಾಕು, ಗೆಳೆಯಾ

ಪ್ರೀತಿಯ ಗೆಳೆಯಾ,

ಅಮ್ಮ ಹೋದಮೇಲೆ ನಿನ್ನಪ್ಪ ಮಾತೇ ಕಡಿಮೆ ಮಾಡಿದ್ದಾರೆ, ಬೆಳಗಿನಿಂದ ರಾತ್ರಿವರೆಗೂ ಟಿವಿ ಮುಂದೆ ಕೂತಿರುತ್ತಾರೆ ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ಅವರಿಗೂ ಅವರ ಓರಗೆಯವರಿಗೂ ವಾರಕ್ಕೊಮ್ಮೆ ಏನಾದರೂ ನಡೆಸಬೇಕು ಅಂತೀಯಲ್ಲ, ಖಂಡಿತ ನಡೆಸು. ಆದರೆ ನಾವು ಶುರುಮಾಡಿದ ಹಾಗೆ ಮಾತ್ರ ಬೇಡ.

ನಮ್ಮದು ಸಾಲು ಕುರ್ಚಿ, ಮುಂದೊಂದು ಮೈಕು, ಸಕ್ಕರೆ ಕಾಯಿಲೆಯ ಬಗ್ಗೆ ಒಂದು ತಾಸು ಭಾಷಣ. ಮೊದಲ ವಾರ ಹಾಲ್ ತುಂಬಿತ್ತು. ನಾಲ್ಕನೇ ವಾರಕ್ಕೆ ಉಳಿದವರು ಆರು ಜನ. ಅವರಲ್ಲೊಬ್ಬ ಅಜ್ಜಿ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ಮುಗಿದಮೇಲೆ ಪಕ್ಕದಲ್ಲಿ ಕೂತು "ಇವತ್ತು ಏನು ಹೇಳಿದರು ಅಜ್ಜೀ?" ಎಂದೆ. ಅದಕ್ಕೂ ನಕ್ಕು ತಲೆಯಾಡಿಸಿದರು. ಅಷ್ಟೂ ವಾರ ಅವರಿಗೆ ಸರಿಯಾಗಿ ಏನೂ ಕೇಳಿಸಿರಲೇ ಇಲ್ಲ. ಮರುವಾರ ಕುರ್ಚಿಗಳನ್ನು ಸುತ್ತಲೂ ಹಾಕಿದೆವು, ಸದ್ದು ಮಾಡುವ ಫ್ಯಾನು ನಿಲ್ಲಿಸಿದೆವು, ಒಬ್ಬರಾದಮೇಲೆ ಒಬ್ಬರು ಮುಖ ಕಾಣುವಂತೆ ಮಾತಾಡಿದೆವು. ಅಜ್ಜಿ ಅಂದು ಮೊದಲ ಸಲ ಪ್ರಶ್ನೆ ಕೇಳಿದರು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಹೇಳಿತು. ಕಿವಿ ಮಂದವಾಗುವುದೂ ಅದರಲ್ಲಿದೆ, ಜನರ ಒಡನಾಟ ತಪ್ಪುವುದೂ ಇದೆ. ಒಂದು ಇನ್ನೊಂದನ್ನು ಎಳೆದು ತರುವುದನ್ನು ನಾನು ಕಣ್ಣಾರೆ ಕಂಡೆ.

ಇನ್ನೊಂದು ಬದಲಾವಣೆಗೆ ದಾರಿ ತೋರಿಸಿದ್ದು 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ', ಅಂದರೆ ನಿವೃತ್ತರಾದ ಹಿರಿಯರು ಸೇರಿ ಕಲಿಯುವ ಕೂಟ. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಅದು ಹುಟ್ಟಿದಾಗ ಪಾಠ ವಿಶ್ವವಿದ್ಯಾಲಯದವರದೇ. 1982ರಲ್ಲಿ ಬ್ರಿಟನ್ನಿಗೆ ಬಂದಾಗ ರೀತಿಯೇ ಬೇರೆಯಾಯಿತು: ಕಲಿಸುವವರೂ ಸದಸ್ಯರೇ, ಕಲಿಯುವವರೂ ಸದಸ್ಯರೇ. ಪರೀಕ್ಷೆಯಿಲ್ಲ, ಪದವಿಯಿಲ್ಲ. ನಾವೂ ಹಾಗೇ ಮಾಡಿದೆವು. ಹಿಂದೆ ವೈರಿಂಗ್ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕಲಿಸಿ ಎಂದು ಕೇಳಿದಾಗ ಹಳೇ ಹೋಲ್ಡರು, ಫ್ಯೂಸು, ತುಂಡು ವೈರುಗಳನ್ನು ಚೀಲದಲ್ಲಿ ಹೊತ್ತು ತಂದರು. ಕೈ ನಡುಗುತ್ತಿತ್ತು. ಪಕ್ಕದವರು ಹೋಲ್ಡರ್ ಹಿಡಿದುಕೊಂಡರು, ಇವರು ಸ್ಕ್ರೂ ಬಿಗಿಮಾಡಿದರು. ಮರುವಾರ ಅರ್ಧ ಗಂಟೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿದ್ದರು.

ಅದಕ್ಕೇ ಹೇಳುತ್ತೇನೆ, ಅಪ್ಪನನ್ನು 'ಬಂದು ಕೂತ್ಕೊಳ್ಳಿ' ಎಂದು ಕರೆಯಬೇಡ. ಜೀವನವಿಡೀ ಲೆಕ್ಕಪತ್ರ ನೋಡಿದವರು ಅವರು. ಮೊಬೈಲಿಗೆ ಬರುವ ಮೋಸದ ಸಂದೇಶ ಗುರುತಿಸುವುದು ಹೇಗೆಂದು ಉಳಿದವರಿಗೆ ಹೇಳಿಕೊಡಿ ಎಂದು ಕೇಳು.

ದೇಹದ ಮಾತಿಗೆ ಬಂದರೆ ನಡಿಗೆಯೊಂದೇ ಸಾಲದು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಮ್ಮೆ ಬಿದ್ದವರು ಹೆದರಿ ಓಡಾಟ ಬಿಡುತ್ತಾರೆ, ಓಡಾಟ ಬಿಟ್ಟರೆ ಕಾಲಿನ ಬಲ ಕುಂದುತ್ತದೆ, ಆಮೇಲೆ ಮತ್ತೆ ಬೀಳುತ್ತಾರೆ. ನಾವು ಕುರ್ಚಿಯನ್ನು ಗೋಡೆಗೆ ಒತ್ತಿ ಇಡುತ್ತೇವೆ. ಕೈಯನ್ನು ಎದೆಗೆ ಕಟ್ಟಿಕೊಂಡು ಏಳುವುದು, ನಿಧಾನಕ್ಕೆ ಕೂರುವುದು. ಆಗದವರು ಕೈಯೂರಿ ಏಳಲಿ. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು. ಮನೆಯಲ್ಲಿ ಉಳಿದ ದಿನ ಮಾಡಿದರಾ ಎಂದು ಇಬ್ಬಿಬ್ಬರು ಜೊತೆಯಾಗಿ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಾರೆ. ಎಷ್ಟೋ ಸಲ ಮಾತು ವ್ಯಾಯಾಮ ದಾಟಿ ಎಲ್ಲೆಲ್ಲಿಗೋ ಹೋಗುತ್ತದಂತೆ, ಹೋಗಲಿ. ಹೃದಯದ ತೊಂದರೆ, ತಲೆಸುತ್ತು ಇರುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಿಬರಬೇಕು.

ನೀನು ನೋಡಿಟ್ಟ ಹಾಲ್‌ಗೆ ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯಾ, ಶೌಚಾಲಯ ಎಷ್ಟು ದೂರ, ಇದನ್ನು ನೋಡಿ ಬರೆ. ಶೌಚಾಲಯ ದೂರವಿದ್ದರೆ ಬಹಳ ಜನ ಬರುವುದೇ ಇಲ್ಲ. ಕಾರಣ ಕೇಳಿದರೆ ಕಾಲುನೋವು ಎನ್ನುತ್ತಾರೆ.

ನಿನ್ನ
ಗೆಳೆಯ